ದಾದಿಯ ದರ್ಬಾರು

ಮಕ್ಕಳನ್ನು ಕರೆದುಕೊಂಡು ದೆಹಲಿಯ ಮೃಗಾಲಯಕ್ಕೆ ಹೋಗುವ ನಮ್ಮವರು, ಮಥುರಾ ರಸ್ತೆಯಲ್ಲಿ ಪುರಾಣಾ ಕಿಲ್ಲೆಯ ಎದುರಿಗಿರುವ ಹಳೆಯ ಮಸೀದಿಯನ್ನು ನೋಡಿಯೂ ನೋಡದಂತೆ ಮುಂದೆ ಸಾಗುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಸಾಗಿದವನು. ಅದರ ಹೆಸರು ಖೈರ್-ಉಲ್-ಮನಾಜಿಲ್. 1561-62ರಲ್ಲಿ ಅದನ್ನು ಕಟ್ಟಿಸಿದವಳು ರಾಣಿಯಲ್ಲ, ರಾಜಕುಮಾರಿಯೂ ಅಲ್ಲ. ಅಕ್ಬರನ ದಾದಿಯರ ಮುಖ್ಯಸ್ಥೆ ಮಾಹಮ್ ಅನಗಾ. ಬಾಗಿಲ ಮೇಲಿನ ಶಾಸನದಲ್ಲಿ ಅವಳ ಹೆಸರಿದೆ.

1556ರಲ್ಲಿ ಪಟ್ಟಕ್ಕೆ ಬಂದಾಗ ಅಕ್ಬರನಿಗೆ ಹದಿಮೂರು ವರ್ಷ. ರಾಜ್ಯಭಾರವೆಲ್ಲ ಬೈರಾಮ್ ಖಾನನದು. ಬೆಳೆಯುತ್ತಿದ್ದ ಹುಡುಗನಿಗೆ ಆ ಬಿಗಿ ಹಿಡಿಸದೆ ಹೋದದ್ದನ್ನು ಮಾಹಮ್ ಚೆನ್ನಾಗಿ ಅರಿತಿದ್ದಳು. 1560ರಲ್ಲಿ ಬೇಟೆಯ ನೆಪದಿಂದ ಆಗ್ರಾ ಬಿಟ್ಟ ಅಕ್ಬರ್, ತಾಯಿಗೆ ಮೈ ಸರಿಯಿಲ್ಲವೆಂದು ದೆಹಲಿಗೆ ಬಂದ. ಅಲ್ಲಿನ ಅಧಿಕಾರಿ ಶಿಹಾಬುದ್ದೀನ್ ಅಹಮದ್ ಖಾನ್ ಮಾಹಮಳ ನೆಂಟ. ಬೈರಾಮ್ ಖಾನನ ಅಧಿಕಾರ ಅಲ್ಲಿಗೇ ಮುಗಿಯಿತು. ಕತ್ತಿ ಹಿಡಿಯದೆ, ಬರೀ ಕಿವಿಮಾತಿನಿಂದ ಆದ ಕೆಲಸ!

ಆದರೆ ಮಗ ಆದಂ ಖಾನನ ಮುಂದೆ ಅವಳ ಬುದ್ಧಿ ಓಡಲಿಲ್ಲ. 1561ರಲ್ಲಿ ಮಾಳವವನ್ನು ಗೆದ್ದ ಅವನು, ಕೊಳ್ಳೆಯ ದೊಡ್ಡ ಪಾಲನ್ನೂ ಸೋತ ಬಾಜ್ ಬಹಾದೂರನ ಅಂತಃಪುರದ ಸ್ತ್ರೀಯರನ್ನೂ ತಾನೇ ಇಟ್ಟುಕೊಂಡು, ಆಗ್ರಾಕ್ಕೆ ಕೆಲವು ಆನೆಗಳನ್ನಷ್ಟೆ ಕಳಿಸಿದ. ಅಕ್ಬರ್ ಹೇಳದೆ ಕೇಳದೆ ಸಾರಂಗಪುರಕ್ಕೆ ಬಂದಿಳಿದ. ಹಿಂದೆಯೇ ಬಂದ ತಾಯಿ ಮಗನಿಗೆ ಕ್ಷಮೆ ಕೊಡಿಸಿದಳು. ಆಮೇಲೂ ಆ ಭೂಪ ಇಬ್ಬರು ಹೆಂಗಸರನ್ನು ಬಚ್ಚಿಟ್ಟ. ಅವರು ಸಿಕ್ಕಿದಾಗ, ಎಲ್ಲಿ ಬಾಯಿಬಿಡುತ್ತಾರೋ ಎಂದು ಮಾಹಮ್ ಅವರನ್ನು ಕೊಲ್ಲಿಸಿದಳೆಂದು ಅಬುಲ್ ಫಜಲ್ ಬರೆದಿದ್ದಾನೆ. ಬೈರಾಮ್ ಖಾನನ ವಿಷಯದಲ್ಲಿ ಅವಳ ಪರವಾಗಿ ವಾದಿಸಬಹುದು. ಇಲ್ಲಿ ನನ್ನಿಂದಾಗದು.

ಅದೇ ನವೆಂಬರಿನಲ್ಲಿ ಅಕ್ಬರ್ ಮಂತ್ರಿಪದವಿಯನ್ನು ಅತ್ಗಾ ಖಾನನಿಗೆ ಕೊಟ್ಟ. ಈತ ಇನ್ನೊಬ್ಬ ದಾದಿ ಜೀಜಿ ಅನಗಾಳ ಗಂಡ. ಮಾಹಮಳ ಮನೆಯವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? 1562ರ ಮೇ 16ರಂದು ಅತ್ಗಾ ಖಾನ್ ಆಗ್ರಾ ಕೋಟೆಯಲ್ಲಿ ರಾಜಕಾರ್ಯದಲ್ಲಿ ತೊಡಗಿದ್ದಾಗ (ಪಾಪ, ಕಚೇರಿಯ ಕೆಲಸದಲ್ಲೇ ಇದ್ದ) ಆದಂ ಖಾನ್ ತನ್ನವರಿಂದ ಅವನನ್ನು ಕೊಲ್ಲಿಸಿದ. ಗದ್ದಲಕ್ಕೆ ಎಚ್ಚೆತ್ತು ಹೊರಬಂದ ಹತ್ತೊಂಬತ್ತರ ಅಕ್ಬರ್, ಆದಂ ಖಾನನ ಮುಖಕ್ಕೆ ಗುದ್ದಿ ಕೆಡವಿ ಮಹಡಿಯಿಂದ ಕೆಳಗೆ ಎಸೆಯಿಸಿದ. ಜೀವ ಇನ್ನೂ ಇತ್ತು. ಮೇಲಕ್ಕೆ ತರಿಸಿ ಮತ್ತೊಮ್ಮೆ ತಲೆಕೆಳಗಾಗಿ ಎಸೆಯಿಸಿದ.

ಕಾಯಿಲೆಯಲ್ಲಿದ್ದ ಮಾಹಮಳಿಗೆ ಈ ಸುದ್ದಿ ತಿಳಿಸಿದವನು ಅಕ್ಬರನೇ. ಒಳ್ಳೆಯದೇ ಮಾಡಿದಿರಿ ಎಂದಷ್ಟೆ ಅಂದಳಂತೆ. ತಾನು ಎತ್ತಿ ಆಡಿಸಿದ ಕೈಯಿಂದಲೇ ಮಗ ಹೋದ ಮೇಲೆ ಇನ್ನೇನು ತಾನೇ ಹೇಳಿಯಾಳು! ಸುಮಾರು ನಲವತ್ತು ದಿನಕ್ಕೆ ಅವಳೂ ತೀರಿಕೊಂಡಳು.

ತಾಯಿ ಮಗ ಇಬ್ಬರಿಗೂ ಮೆಹ್ರೌಲಿಯಲ್ಲಿ ಎಂಟು ಮೂಲೆಯ ದೊಡ್ಡ ಗೋರಿ ಎದ್ದಿತು. ಜನ ಅದನ್ನು ‘ಭೂಲ್ ಭುಲಯ್ಯಾ’ ಎನ್ನುತ್ತಾರೆ. 1830ರ ದಶಕದಲ್ಲಿ ಕಂಪನಿಯ ಅಧಿಕಾರಿಯೊಬ್ಬ ಅದರಲ್ಲೇ ಸಂಸಾರ ಹೂಡಿ, ಊಟದ ಕೋಣೆಗೆ ಜಾಗ ಬೇಕೆಂದು ಸಮಾಧಿಗಳನ್ನು ತೆಗೆಸಿದ. ಮುಂದೆ ಲಾರ್ಡ್ ಕರ್ಜನ್ ಕಟ್ಟಡವನ್ನು ತೆರವು ಮಾಡಿಸಿದಾಗ ಮಗನ ಸಮಾಧಿ ಗುಮ್ಮಟದಡಿಗೆ ಮರಳಿತು. ತಾಯಿಯದು ಮರಳಲಿಲ್ಲ.