ಅನಿಲಗಳ ಚಲನ ಸಿದ್ಧಾಂತ: ತಾಪಮಾನ ಮತ್ತು ಅಣುವೇಗ

ಅನಿಲದ ತಾಪಮಾನವೆಂದರೆ ಅದರ ಅಣುಗಳ ಸರಾಸರಿ ಚಲನಶಕ್ತಿಯ ಅಳತೆ. ನಿರಪೇಕ್ಷ ತಾಪಮಾನ ಇಮ್ಮಡಿಯಾದರೆ ಈ ಶಕ್ತಿಯೂ ಇಮ್ಮಡಿಸುತ್ತದೆ. ವೇಗ ಮಾತ್ರ ಸುಮಾರು 1.41 ಪಟ್ಟಾಗುತ್ತದೆ. ಇಂದು ಪಿಯುಸಿ ಪಠ್ಯದಲ್ಲಿರುವ ಈ ಸಂಗತಿಯನ್ನು ವಿಜ್ಞಾನಲೋಕ ಒಪ್ಪಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಅಣುಗಳು ಪಾತ್ರೆಯ ಗೋಡೆಗೆ ಬಡಿಯುವುದರಿಂದಲೇ ಒತ್ತಡ ಉಂಟಾಗುತ್ತದೆ, ಅದು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಡೇನಿಯಲ್ ಬರ್ನೂಲಿ 1738ರಲ್ಲೇ ತೋರಿಸಿದ್ದ. ಆದರೆ ಶಾಖವು ‘ಕ್ಯಾಲೊರಿಕ್’ ಎಂಬ ತೂಕವಿಲ್ಲದ ದ್ರವವೆಂಬ ನಂಬಿಕೆ ಮುಂದೆ ಬಲವಾಗಿ ಬೇರೂರಿತು. 1820ರ ಸುಮಾರಿಗೆ ಇಂಗ್ಲೆಂಡಿನ ಜಾನ್ ಹೆರಪತ್ ಅಣುಚಲನೆಯ ವಿಚಾರವನ್ನು ಮತ್ತೆ ಎತ್ತಿದನಾದರೂ, ತಾಪಮಾನವನ್ನು ಚಲನಶಕ್ತಿಯ ಬದಲು ಸಂವೇಗಕ್ಕೆ ಗಂಟುಹಾಕಿ ದಾರಿ ತಪ್ಪಿದ.

ಸರಿಯಾದ ಸಂಬಂಧ ಹೊರಟದ್ದು ಮುಂಬಯಿಯಿಂದ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್‌ಗಳಿಗೆ ಪಾಠ ಹೇಳುತ್ತಿದ್ದ ಸ್ಕಾಟ್ಲೆಂಡಿನ ಜಾನ್ ಜೇಮ್ಸ್ ವಾಟರ್‌ಸ್ಟನ್ 1845ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವೊಂದನ್ನು ಕಳಿಸಿದ. ಒಂದೇ ತಾಪಮಾನದಲ್ಲಿರುವ ಎರಡು ಅನಿಲಗಳಲ್ಲಿ, ಅಣುವಿನ ರಾಶಿಯನ್ನು ವೇಗವರ್ಗದ ಸರಾಸರಿಯಿಂದ ಗುಣಿಸಿದರೆ ಬರುವ ಗುಣಲಬ್ಧ ಒಂದೇ ಎಂಬುದು ಅದರ ತಿರುಳು. ಆಕ್ಸಿಜನ್ ಅಣು ಹೈಡ್ರೊಜನ್ ಅಣುವಿಗಿಂತ 16 ಪಟ್ಟು ಭಾರ. ಹಾಗಾಗಿ ಹೈಡ್ರೊಜನ್‌ನದು ನಾಲ್ಕು ಪಟ್ಟು ಓಟ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಕ್ಸಿಜನ್ ಅಣುವಿನ ವೇಗ ಸೆಕೆಂಡಿಗೆ ಸುಮಾರು 480 ಮೀಟರ್, ಹೈಡ್ರೊಜನ್ನಿನದು ಸುಮಾರು 1,930. ಪರಿಶೀಲಕರೊಬ್ಬರು ಈ ಪ್ರಬಂಧವನ್ನು ಅರ್ಥಹೀನವೆಂದು ತಳ್ಳಿಹಾಕಿದರು. ಸೊಸೈಟಿ ಹಸ್ತಪ್ರತಿಯನ್ನು ಹಿಂತಿರುಗಿಸಲಿಲ್ಲ. ಪಾಪ, ಲೇಖಕನ ಬಳಿ ಬೇರೆ ಪ್ರತಿಯೂ ಇರಲಿಲ್ಲ.

ಅಷ್ಟರಲ್ಲಿ ಜೌಲ್‌ನ ಪ್ರಯೋಗಗಳು ಕ್ಯಾಲೊರಿಕ್ ವಾದದ ಬುಡ ಅಲುಗಾಡಿಸಿದ್ದವು. 1856ರಲ್ಲಿ ಕ್ರೋನಿಗ್, ಮರುವರ್ಷ ಕ್ಲೌಸಿಯಸ್ ಅದೇ ಹಾದಿ ತುಳಿದರು. ಅಣುಗಳಿಗೆ ಇಷ್ಟು ವೇಗವಿದ್ದರೆ ಅನಿಲಗಳು ಒಂದರೊಳಗೊಂದು ಬೆರೆಯಲು ಅಷ್ಟು ಹೊತ್ತೇಕೆ ಎಂದು ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ ಆಕ್ಷೇಪಿಸಿದ. ನ್ಯಾಯವಾದ ಪ್ರಶ್ನೆಯೇ. ಅಣುಗಳು ಹೆಜ್ಜೆಹೆಜ್ಜೆಗೂ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತವೆ ಎಂದು 1858ರಲ್ಲಿ ಉತ್ತರಿಸಿದ ಕ್ಲೌಸಿಯಸ್, ಎರಡು ಡಿಕ್ಕಿಗಳ ನಡುವಿನ ಸರಾಸರಿ ದೂರದ ಕಲ್ಪನೆಯನ್ನು ಕೊಟ್ಟ. ಎಲ್ಲ ಅಣುಗಳಿಗೂ ಒಂದೇ ವೇಗವಿರದೆ ಅದು ಹೇಗೆ ಹಂಚಿಹೋಗಿರುತ್ತದೆಂಬುದನ್ನು ಮ್ಯಾಕ್ಸ್‌ವೆಲ್ 1860ರಲ್ಲಿ ಲೆಕ್ಕಹಾಕಿದ. ಬೆಳ್ಳಿಯ ಪರಮಾಣುಗಳ ವೇಗವನ್ನು 1920ರಲ್ಲಿ ಆಟೊ ಸ್ಟರ್ನ್ ನೇರವಾಗಿ ಅಳೆದ.

ವಾಟರ್‌ಸ್ಟನ್ನನ ಪ್ರಬಂಧವನ್ನು ರಾಯಲ್ ಸೊಸೈಟಿಯ ದಫ್ತರದಿಂದ ಲಾರ್ಡ್ ರ‍್ಯಾಲೆ ಹೊರತೆಗೆದದ್ದು 1891ರಲ್ಲಿ. ಅದು ಅಚ್ಚಾದದ್ದು 1892ರಲ್ಲಿ. ಲೇಖಕ 1883ರಲ್ಲೇ ಎಡಿನ್‌ಬರೋದಲ್ಲಿ ಮನೆಯಿಂದ ಹೊರಟು ಕಣ್ಮರೆಯಾಗಿದ್ದ.

ಅಣುವಿನ ಸರಾಸರಿ ಸ್ಥಾನಾಂತರ ಚಲನಶಕ್ತಿಯನ್ನು ಈಗ ಬೋಲ್ಟ್ಸ್‌ಮನ್ ಸ್ಥಿರಾಂಕ ಮತ್ತು ನಿರಪೇಕ್ಷ ತಾಪಮಾನಗಳ ಗುಣಲಬ್ಧದ ಒಂದೂವರೆ ಪಟ್ಟು ಎಂದು ಬರೆಯುತ್ತಾರೆ. ಮೊದಲು ನೀರಿನ ತ್ರಿಕಬಿಂದುವನ್ನು ಆಧರಿಸಿದ್ದ ಕೆಲ್ವಿನ್ ಮಾನವನ್ನು 2019ರಿಂದ ಈ ಸ್ಥಿರಾಂಕದ ನಿಗದಿತ ಬೆಲೆಯ ಮೇಲೆಯೇ ನಿಲ್ಲಿಸಲಾಗಿದೆ: ಪ್ರತಿ ಕೆಲ್ವಿನ್‌ಗೆ 1.380649 × 10⁻²³ ಜೌಲ್.