ಅಂಬಾಝರಿ: ಕೋಡಿ ಹರಿದ ರಾತ್ರಿ

ಈ ಸಲದ ಮಾತು ನಾನಿರುವ ನಾಗಪುರದ್ದು. "ಕಿತ್ತಳೆ ಬಿಟ್ರೆ ಅಲ್ಲೇನಿದೆ ಮಾರಾಯಾ?" ಅಂತ ಬೆಂಗಳೂರಿನ ಗೆಳೆಯರು ಕೇಳ್ತಾರೆ. ಒಂದು ಹಳೇ ಕೆರೆ ಇದೆ.

2023ರ ಸೆಪ್ಟೆಂಬರ್ 23, ಬೆಳಗಿನ ಜಾವ. ಗುಡುಗಿಗೆ ಎಚ್ಚರವಾಗಿ ಕಾಲು ಕೆಳಗಿಟ್ಟರೆ ನೀರು. ನಾನು ಆಗ ನಾಗನದಿಯ ಪಕ್ಕದ ಲೇಔಟ್‌ನಲ್ಲಿ ನೆಲಮಹಡಿಯಲ್ಲಿ ಬಾಡಿಗೆಗಿದ್ದೆ. ಮೇಲಿಂದ ಮನೆ ಮಾಲೀಕರ ಹೆಂಡತಿ, ನಾವೆಲ್ಲ ಕಾಕು ಅಂತ ಕರೆಯೋದು, "ಬಾಳಾ, ವರ್ ಯೇ" ಅಂತ ಕೂಗ್ತಿದ್ರು. ಲ್ಯಾಪ್‌ಟಾಪ್ ಎತ್ಕೊಂಡು ಓಡಿದೆ. ಎಂಟೆಕ್ ಸರ್ಟಿಫಿಕೇಟು, ಬೈಕು ಎರಡೂ ಕೆಸರಾದವು. ಊರಿನಲ್ಲಿ ನಾಲ್ಕಾರು ಜೀವಗಳೇ ಹೋದವು, ಅದರ ಮುಂದೆ ನನ್ನದೇನೂ ಅಲ್ಲ.

ಬೆಳಗಾದ ಮೇಲೆ ಬೀದಿಯಲ್ಲಿ ಒಂದೇ ಮಾತು: ಡ್ಯಾಮ್ ಒಡೆದಿದೆ. ಒಡೆದಿರಲಿಲ್ಲ. ಅಂಬಾಝರಿ ಕೋಡಿ ಹರಿದಿತ್ತು, ಅಷ್ಟೇ. ನಮ್ಮ ಕಡೆ ಕೆರೆ ಕೋಡಿ ಬಿದ್ದರೆ ಬಾಗಿನ ಕೊಡ್ತೀವಿ. ಇಲ್ಲಿ ಬೋಟು ತಂದರು.

ಈ ಕೆರೆಯನ್ನು ಭೋಸಲೆಯವರು 1870ರಲ್ಲಿ ಕಟ್ಟಿಸಿದರು ಅಂತ ಎಲ್ಲ ಕಡೆ ಓದ್ತೀರಿ. ಲೆಕ್ಕ ಸರಿಹೋಗಲ್ಲ. ಮೂರನೇ ರಘೂಜಿ ಭೋಸಲೆ ತೀರಿಕೊಂಡದ್ದು 1853ರ ಡಿಸೆಂಬರ್‌ನಲ್ಲಿ. ಗಂಡು ಸಂತಾನವಿಲ್ಲ ಅನ್ನೋ ನೆಪದಲ್ಲಿ ಡಾಲ್‌ಹೌಸಿ ರಾಜ್ಯವನ್ನೇ ನುಂಗಿ ಹಾಕಿದ. ಹಾಗಾಗಿ 1870ರ ಕೆಲಸ ಆಗಿದ್ದು ಬ್ರಿಟಿಷರ ಆಡಳಿತದಲ್ಲೇ. ಉದ್ದೇಶ ಊರಿಗೆ ಕುಡಿಯುವ ನೀರು. ನಮ್ಮ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆ ನೀರು ಬಂದದ್ದು 1896ರಲ್ಲಿ. ಅದಕ್ಕೂ ಸುಮಾರು ಇಪ್ಪತ್ತೈದು ವರ್ಷ ಹಿಂದಿನ ಕಥೆ ಇದು. ಈಗ ನಾಗಪುರ ಕುಡಿಯೋದು ಪೆಂಚ್ ಮತ್ತು ಕನ್ಹಾನ್ ನದಿಗಳ ನೀರು. ಅಂಬಾಝರಿ ಸಂಜೆ ವಾಕಿಂಗ್‌ಗೆ, ಸೆಲ್ಫಿಗೆ ಉಳಿಯಿತು. ಮೆಟ್ರೋದ ಆಕ್ವಾ ಲೈನ್ ಏರಿಯ ಪಕ್ಕದಲ್ಲೇ ಹೋಗುತ್ತೆ, ಕಿಟಕಿಯಿಂದ ಚೆನ್ನಾಗಿ ಕಾಣುತ್ತೆ.

ಆದರೆ ಕೆಲಸ ಬದಲಾದರೂ ಅದು ಕೆರೆಯೇ. ಮಣ್ಣಿನ ಏರಿಯ ನಿಯಮ ನಮ್ಮ ಹಳ್ಳಿಯ ನೀರಗಂಟಿಗೂ ಗೊತ್ತು: ಏರಿಯ ಮೇಲೆ ನೀರು ಹತ್ತಬಾರದು, ಹತ್ತಿದರೆ ಮಣ್ಣು ಕೊರೆದು ಏರಿ ಕೊಚ್ಚಿಹೋಗುತ್ತೆ. ಅದಕ್ಕೇ ಕೋಡಿಯನ್ನು ಏರಿಗಿಂತ ತಗ್ಗಿನಲ್ಲಿ ಇಡೋದು. ಹೆಚ್ಚಾದ ನೀರು ಕೋಡಿಯಿಂದ ಹೊರಬೀಳಬೇಕು, ಬಿದ್ದ ನೀರಿಗೆ ಕೆಳಗೆ ದಾರಿ ಬೇಕು. ಇಲ್ಲಿ ಆ ದಾರಿ ಅಂದ್ರೆ ನಾಗನದಿ, ಊರಿಗೆ ಹೆಸರು ಕೊಟ್ಟ ನದಿ. ಅದೀಗ ಎರಡೂ ಕಡೆ ಗೋಡೆಗಳ ನಡುವಿನ ಚರಂಡಿ.

ಕೆರೆಯ ಮೇಲ್ಭಾಗದಲ್ಲೂ ಕಥೆ ಬೇರೆಯಲ್ಲ. ಪಶ್ಚಿಮಕ್ಕೆ ಹಿಂಗ್ಣಾ ಕೈಗಾರಿಕಾ ಪ್ರದೇಶ, ಬಡಾವಣೆಗಳು, ಕಾಂಕ್ರೀಟು. ಮಣ್ಣು ಹೀರುತ್ತಿದ್ದ ಮಳೆ ಈಗ ಸೀದಾ ಕೆರೆಗೆ ಬರುತ್ತೆ. ಆ ರಾತ್ರಿ 100 ಮಿ.ಮೀ.ಗೂ ಹೆಚ್ಚು ಸುರಿಯಿತು. ಏರಿ ತಡೆದುಕೊಂಡಿತು. ಸೋತದ್ದು ಅದರ ಕೆಳಗೆ ಆಮೇಲೆ ನಾವು ಕಟ್ಟಿದ್ದು. ಕೋಡಿಯ ಎದುರಿಗಿರುವ ವಿವೇಕಾನಂದ ಸ್ಮಾರಕ ನೀರಿಗೆ ಅಡ್ಡ ಅನ್ನೋ ದೂರು ಹೈಕೋರ್ಟಿನ ನಾಗಪುರ ಪೀಠದವರೆಗೂ ಹೋಯಿತು. ಏರಿ ಬಲಪಡಿಸೋದು, ನದಿ ಅಗಲಿಸೋದು ಎಲ್ಲ ಆಮೇಲೆ ಚರ್ಚೆಗೆ ಬಂದವು.

ನಮ್ಮ ಕೆಲಸದಲ್ಲಿ ಇದು ದಿನಾ ನೋಡೋ ದೃಶ್ಯ ಅಲ್ವಾ? ಹಳೇ ಕೋಡ್ ಬರೆದವರು ಯಾರೂ ಇಲ್ಲ, ಯಾವ ಸಾಲು ಯಾತಕ್ಕೆ ಅಂತ ಗೊತ್ತಿಲ್ಲ, ಅದರ ಮೇಲೇ ಹೊಸ ಫೀಚರ್. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡಿನ ಆಫೀಸುಗಳಿಗೆ ಟ್ರ್ಯಾಕ್ಟರ್‌ನಲ್ಲಿ ಹೋದವರು ಈ ಬರಹ ಓದ್ತಿರಬಹುದು. ಅಲ್ಲಿ ರಾಜಕಾಲುವೆ, ಇಲ್ಲಿ ನಾಗನದಿ.

ಹಾಗಂತ 1870ರ ಹಾಗೇ ಇರಲಿ ಅನ್ನೋ ಭಾವುಕತೆ ನನಗಿಲ್ಲ. ಅಂದಿನ ಮಳೆಯ ಲೆಕ್ಕಕ್ಕೆ ಇಟ್ಟ ಕೋಡಿ ಇಂದಿಗೆ ಸಾಲದೇ ಹೋಗಬಹುದು. ಅಗಲಿಸಲಿ, ಗೇಟು ಇಡಲಿ. ಆದರೆ ಮೊದಲು ನೀರಿನ ದಾರಿ ಬಿಡಿಸಲಿ.

ನಾನೀಗ ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದೇನೆ. ನೆಲಮಹಡಿಗೆ ಕಾಕು ಬಾಡಿಗೆಯವರನ್ನು ಇಟ್ಟಿಲ್ಲ. ಮಳೆ ಜೋರಾದ ರಾತ್ರಿ ಇಬ್ಬರೂ ಬಾಲ್ಕನಿಯಲ್ಲಿ ಟಾರ್ಚ್ ಹಿಡಿದು ನದಿ ಗೋಡೆಯ ಮೇಲೆ ಆ ಸಲದ ನೀರಿನ ಗುರುತು ನೋಡ್ತಾ ಕೂರ್ತೀವಿ.