ಪ್ರಶಸ್ತಿ ಪಡೆದವರ ಎರಡು ಮಾತು

1913ರ ನವೆಂಬರ್ 23ರಂದು ಕಲ್ಕತ್ತೆಯಿಂದ ಬೋಲ್ಪುರಕ್ಕೆ ಒಂದು ವಿಶೇಷ ರೈಲು ಹೊರಟಿತು. ಒಳಗೆ ಸುಮಾರು 500 ಮಂದಿ. ಹತ್ತು ದಿನದ ಹಿಂದಷ್ಟೇ ರವೀಂದ್ರನಾಥ ಠಾಕೂರರಿಗೆ ನೊಬೆಲ್ ಘೋಷಣೆಯಾಗಿತ್ತು. ಕವಿಯನ್ನು ಅವರ ಶಾಂತಿನಿಕೇತನದಲ್ಲೇ ಸನ್ಮಾನಿಸಬೇಕೆಂದು ನಗರದ ಗಣ್ಯರೆಲ್ಲ ಸಂಭ್ರಮದಿಂದ ಬಂದಿಳಿದರು. ಮಾವಿನ ತೋಪಿನಲ್ಲಿ ಸಭೆ; ವಿಜ್ಞಾನಿ ಜಗದೀಶಚಂದ್ರ ಬೋಸರ ಅಧ್ಯಕ್ಷತೆ. ಹೊಗಳಿಕೆಯ ಮಾತುಗಳು ಮುಗಿದ ಮೇಲೆ ಕವಿ ಉತ್ತರ ಕೊಡಲು ಎದ್ದರು.

ಬಂದವರು ನಿರೀಕ್ಷಿಸಿದ್ದು ವಿನಯದ ನಾಲ್ಕು ಮಾತು. ಸಿಕ್ಕಿದ್ದು ಬೇರೆ. ಇಷ್ಟು ವರ್ಷ ನಿಮ್ಮಿಂದ ನನಗೆ ಬಂದದ್ದು ನಿಂದೆಯೇ ಹೆಚ್ಚು, ಈಗ ಯೂರೋಪು ಮೆಚ್ಚಿತೆಂದು ಓಡಿ ಬಂದಿದ್ದೀರಿ, ಈ ಗೌರವದ ಬಟ್ಟಲನ್ನು ತುಟಿಗೆ ಮುಟ್ಟಿಸಬಲ್ಲೆನೇ ಹೊರತು ಕುಡಿಯಲಾರೆ ಎಂಬರ್ಥದಲ್ಲಿ ಠಾಕೂರರು ಮಾತಾಡಿದರು. ಬಂದವರು ಪೆಚ್ಚಾದರು. ಕೆಲವರು ಸಿಟ್ಟಾದರು. ಬಂಗಾಳದ ಪತ್ರಿಕೆಗಳಲ್ಲಿ ಕೆಲವು ಕಾಲ ಇದರದೇ ಚರ್ಚೆ. ಮನೆ ಬಾಗಿಲಿಗೆ ಬಂದವರನ್ನು ಹೀಗೆ ನೋಯಿಸಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪ್ರಶಸ್ತಿಗೆ ಕೊಟ್ಟ ಉತ್ತರಗಳ ಚರಿತ್ರೆಯಲ್ಲಿ ಇಷ್ಟು ನಿಜವಾದ ಮಾತು ಹೆಚ್ಚು ಸಲ ಕೇಳಿಬಂದಿಲ್ಲ.

ಅದೇ ಕವಿ ಡಿಸೆಂಬರ್ 10ಕ್ಕೆ ಸ್ಟಾಕ್‌ಹೋಮಿಗೆ ಹೋಗಲಿಲ್ಲ. ತಂತಿ ಕಳಿಸಿದರು. ದೂರದವರನ್ನು ಹತ್ತಿರ ಮಾಡಿದ, ಅಪರಿಚಿತನನ್ನು ಸೋದರನಾಗಿಸಿದ ಅರಿವಿಗೆ ಕೃತಜ್ಞತೆ ಹೇಳುವ ಒಂದೇ ವಾಕ್ಯ. ಔತಣಕೂಟದಲ್ಲಿ ಅದನ್ನು ಓದಿದ್ದು ಬ್ರಿಟಿಷ್ ರಾಯಭಾರ ಕಚೇರಿಯ ಅಧಿಕಾರಿ. ಕವಿ ಖುದ್ದಾಗಿ ಅಲ್ಲಿ ನಿಂತು ಮಾತಾಡಿದ್ದು ಏಳೂವರೆ ವರ್ಷ ಕಳೆದು, 1921ರ ಮೇ 26ರಂದು. ಆ ಭಾಷಣದ ಬಹುಭಾಗ ತಮ್ಮ ಶಾಲೆಯ ಕಥೆ: ಮಕ್ಕಳನ್ನು ಕಟ್ಟಿಕೊಂಡು ಮರದಡಿ ಶುರುಮಾಡಿದ್ದು, ಬಹುಮಾನದ ಹಣ ಅಲ್ಲಿಗೇ ಸಂದದ್ದು. ಹೀಗೆ ಒಂದೇ ಪ್ರಶಸ್ತಿಗೆ ಮೂರು ಉತ್ತರ. ಊರವರಿಗೆ ಮುನಿಸು, ಪರದೇಶದವರಿಗೆ ತಂತಿ, ಕಾಲ ಕಳೆದ ಮೇಲೆ ಲೆಕ್ಕ ಒಪ್ಪಿಸಿದಂಥ ಒಂದು ಭಾಷಣ.

ಪ್ರಶಸ್ತಿ ಪಡೆದವರು ಮಾತಾಡಲೇಬೇಕು ಎಂಬ ಈಗಿನ ಪದ್ಧತಿಗೆ ಗಟ್ಟಿ ರೂಪ ಕೊಟ್ಟವುಗಳಲ್ಲಿ ನೊಬೆಲ್ ಮುಖ್ಯ. 1901ರಲ್ಲಿ ಮೊದಲ ಸಲ ಪ್ರಶಸ್ತಿ ಕೊಟ್ಟಾಗ ಸ್ಟಾಕ್‌ಹೋಮಿನ ಗ್ರ್ಯಾಂಡ್ ಹೋಟೆಲಿನಲ್ಲಿ ಔತಣ ನಡೆಯಿತು; ಅತಿಥಿಗಳು 113 ಮಂದಿ, ಎಲ್ಲರೂ ಗಂಡಸರು. ಸಂಸ್ಥೆಯ ನಿಯಮದ ಪ್ರಕಾರ ಪ್ರಶಸ್ತಿ ಪಡೆದವರು ಆರು ತಿಂಗಳೊಳಗೆ ಒಂದು ಉಪನ್ಯಾಸ ಕೊಡಬೇಕು. ಔತಣದಲ್ಲಿ ಹೇಳುವ ಎರಡು ಮಾತು ಅದಕ್ಕಿಂತ ಬೇರೆ. ನಿಯಮವಿದ್ದರೂ ಮೊದಲ ವರ್ಷವೇ ಭೌತವಿಜ್ಞಾನದ ಬಹುಮಾನ ಪಡೆದ ರಾಂಟ್‌ಜೆನ್ ಉಪನ್ಯಾಸ ಕೊಡದೆ ಊರಿಗೆ ಮರಳಿದರು. ಎಕ್ಸ್-ರೇ ಕಂಡುಹಿಡಿದವರನ್ನು ಯಾರು ತಾನೇ ಬಲವಂತ ಮಾಡಿಯಾರು!

ಈ ಚರಿತ್ರೆಯ ತೀರಾ ಪ್ರಸಿದ್ಧ ಭಾಷಣವನ್ನು ಸಭೆಯಲ್ಲಿದ್ದವರು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ ಎಂಬುದು ತಮಾಷೆ. 1950ರ ಡಿಸೆಂಬರ್ 10, ಸ್ಟಾಕ್‌ಹೋಮಿನ ಸಿಟಿ ಹಾಲ್. ಅಮೆರಿಕದ ಮಿಸಿಸಿಪ್ಪಿಯಿಂದ ಬಂದಿದ್ದ ವಿಲಿಯಂ ಫಾಕ್ನರ್‌ಗೆ ಅಲ್ಲಿಗೆ ಹೋಗುವ ಮನಸ್ಸೇ ಇರಲಿಲ್ಲ. ಮನೆಯವರ ಒತ್ತಾಯಕ್ಕೆ ಮಗಳು ಜಿಲ್‌ಳನ್ನು ಕರೆದುಕೊಂಡು ಹೊರಟರು. ಉದ್ದ ಬಾಲದ ಕರಿ ಕೋಟು ಬಾಡಿಗೆಯದು. ಎದ್ದು ನಿಂತವರು ಮೈಕಿನಿಂದ ದೂರ ಉಳಿದರು. ದಕ್ಷಿಣದ ರಾಗ, ತಗ್ಗಿದ ದನಿ, ಅದರ ಮೇಲೆ ಅವಸರ. ಮೂರು ನಿಮಿಷದೊಳಗೆ ಎಲ್ಲ ಮುಗಿಯಿತು, ಚಪ್ಪಾಳೆಯೂ ಬಿತ್ತು, ಏನು ಹೇಳಿದರೆಂದು ಹೆಚ್ಚಿನವರಿಗೆ ತಿಳಿಯಲಿಲ್ಲ. ಅಚ್ಚಾದ ಪಾಠವನ್ನು ಓದಿದ ಮೇಲೆಯೇ ಜನ ಬೆರಗಾದದ್ದು. ಅಣುಬಾಂಬಿನ ಹೆದರಿಕೆಯಲ್ಲಿ ಬರೆಯುವವರು ಮನುಷ್ಯನ ಹೃದಯದ ತಳಮಳವನ್ನೇ ಮರೆತಿದ್ದಾರೆ ಎಂದು ಫಾಕ್ನರ್ ಹೇಳಿದ್ದು ಎದುರಿಗೆ ಊಟಕ್ಕೆ ಕೂತ ಗಣ್ಯರಿಗಲ್ಲ. ಎಲ್ಲೋ ಕೂತು ಬರವಣಿಗೆಗೆ ತೊಡಗಿರುವ, ಮುಂದೊಂದು ದಿನ ಇದೇ ಜಾಗದಲ್ಲಿ ನಿಲ್ಲಬಹುದಾದ ಹುಡುಗ ಹುಡುಗಿಯರಿಗೆ. ಯಾರೊಡನೆ ಮಾತಾಡುತ್ತಿದ್ದೇನೆ ಎಂಬುದು ಅವರಿಗೆ ಖಚಿತವಿತ್ತು. ಬಹುಪಾಲು ಭಾಷಣಗಳು ಸೋಲುವುದು ಇಲ್ಲೇ.

ಆಲ್ಬೆರ್ ಕಮೂಗೆ 1957ರಲ್ಲಿ ನೊಬೆಲ್ ಬಂತು. ಸುದ್ದಿಯ ಗದ್ದಲ ಸ್ವಲ್ಪ ತಗ್ಗಿದ ಮೇಲೆ, ನವೆಂಬರ್ 19ರಂದು, ಅಲ್ಜೀರ್ಸಿನ ತಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರು ಲೂಯಿ ಜೆರ್ಮೆನ್‌ಗೆ ಒಂದು ಚಿಕ್ಕ ಕಾಗದ ಬರೆದರು. ಕಮೂ ಹಸುಗೂಸಾಗಿದ್ದಾಗಲೇ ತಂದೆ ಯುದ್ಧದಲ್ಲಿ ಸತ್ತಿದ್ದರು. ತಾಯಿಗೆ ಓದು ಬರಹ ಇಲ್ಲ, ಕಿವಿ ಮಂದ, ಮನೆಗೆಲಸ ಮಾಡಿ ಸಾಕಿದವರು. ಹುಡುಗ ಮುಂದೆ ಓದಲೇಬೇಕೆಂದು ಅಜ್ಜಿಯನ್ನು ಒಪ್ಪಿಸಿ, ವಿದ್ಯಾರ್ಥಿವೇತನದ ಪರೀಕ್ಷೆಗೆ ತಯಾರು ಮಾಡಿದವರು ಈ ಮೇಷ್ಟ್ರು. ಸುದ್ದಿ ಕೇಳಿದಾಗ ಅಮ್ಮನನ್ನು ಬಿಟ್ಟರೆ ಮೊದಲು ನೆನಪಾದದ್ದು ನೀವೇ ಎಂದು ಕಮೂ ಬರೆದರು. ಸ್ವೀಡನ್ನಿನಲ್ಲಿ ಮಾಡಿದ ಭಾಷಣ ಮರುವರ್ಷ ಪುಸ್ತಕವಾದಾಗ ಅದನ್ನೂ ಜೆರ್ಮೆನ್‌ಗೇ ಅರ್ಪಿಸಿದರು. ಭಾಷಣದಲ್ಲಿ ಬರಹಗಾರನ ಹೊಣೆ, ತಮ್ಮ ತಲೆಮಾರಿನ ಕೆಲಸ ಇಂಥ ದೊಡ್ಡ ಮಾತುಗಳಿವೆ. ಚೆನ್ನಾಗಿಯೂ ಇವೆ. ಆದರೂ ಇವತ್ತು ಶಾಲೆ ಶಾಲೆಗಳಲ್ಲಿ ಓದುವುದು ಆ ಕಾಗದವನ್ನು.

ಬೇಡವೆನ್ನುವುದಕ್ಕೂ ಒಂದು ಬರಹ ಬೇಕು. ಬೋರಿಸ್ ಪಾಸ್ತರ್ನಾಕ್ 1958ರ ಅಕ್ಟೋಬರಿನಲ್ಲಿ ಮೊದಲು ಸಂತೋಷದ ತಂತಿ ಕಳಿಸಿ, ಕೆಲವೇ ದಿನಗಳಲ್ಲಿ ಸೋವಿಯತ್ ಸರ್ಕಾರದ ಒತ್ತಡಕ್ಕೆ ಸಿಕ್ಕಿ ನಿರಾಕರಣೆಯ ತಂತಿಯನ್ನೂ ಕಳಿಸಬೇಕಾಯಿತು. ಸಾರ್ತ್ರ್ 1964ರಲ್ಲಿ ಸ್ವಂತ ಇಷ್ಟದಿಂದಲೇ ಒಲ್ಲೆನೆಂದರು. ಅವರ ವಿವರಣೆಯನ್ನು ಸ್ಟಾಕ್‌ಹೋಮಿನಲ್ಲಿ ಪ್ರಕಾಶಕರ ಕಡೆಯವರು ಓದಿದರು. ನಮ್ಮ ಶಿವರಾಮ ಕಾರಂತರು ಸ್ವೀಕರಿಸಿದ್ದನ್ನೇ ಹಿಂದಿರುಗಿಸಿದವರು. ತುರ್ತುಪರಿಸ್ಥಿತಿ ಹೇರಿದಾಗ ಪದ್ಮಭೂಷಣ ಮರಳಿ ದೆಹಲಿಗೆ ಹೋಯಿತು.

ಸಿನಿಮಾದವರ ಕಥೆ ಬೇರೆ. ಅವರಿಗೆ ಎದುರಾಳಿ ಗಡಿಯಾರ. 1929ರ ಮೇ 16ರಂದು ಹಾಲಿವುಡ್‌ನ ರೂಸ್‌ವೆಲ್ಟ್ ಹೋಟೆಲಿನಲ್ಲಿ ಮೊದಲ ಆಸ್ಕರ್ ಸಮಾರಂಭ ನಡೆದಾಗ ಟಿಕೆಟ್ಟಿಗೆ ಐದು ಡಾಲರ್, ಪ್ರಶಸ್ತಿ ಹಂಚಿದ್ದು ಕಾಲು ಗಂಟೆಯಲ್ಲಿ. ಗೆದ್ದವರು ಯಾರೆಂದು ತಿಂಗಳುಗಳ ಹಿಂದೆಯೇ ಎಲ್ಲರಿಗೂ ಗೊತ್ತಿದ್ದರಿಂದ ಅಳುವುದಕ್ಕೆ ಕಾರಣವೂ ಇರಲಿಲ್ಲ. 1943ರಲ್ಲಿ ನಟಿ ಗ್ರೀರ್ ಗಾರ್ಸನ್ ಸರಿರಾತ್ರಿ ಕಳೆದ ಮೇಲೆ ವೇದಿಕೆ ಹತ್ತಿ ಐದೂವರೆ ನಿಮಿಷದಷ್ಟು ಮಾತಾಡಿದರು. ನಿದ್ದೆಗಣ್ಣಿನಲ್ಲಿದ್ದ ಸಭಿಕರ ಬಾಯಲ್ಲಿ ಅದು ಬೆಳೆಯುತ್ತ ಬೆಳೆಯುತ್ತ ಒಂದು ಗಂಟೆಯ ಭಾಷಣವಾಗಿ ಹೋಯಿತು. 1953ರಲ್ಲಿ ಟೆಲಿವಿಷನ್ ಬಂದ ಮೇಲಂತೂ ನಿಮಿಷಕ್ಕೆ ಬೆಲೆ ಕಟ್ಟುವ ಕಾಲ. ಮುಂದೆ 45 ಸೆಕೆಂಡಿನ ಮಿತಿ ಬಂತು. ಮೀರಿದರೆ ವಾದ್ಯವೃಂದ ಬಾರಿಸತೊಡಗಿ ಮಾತನ್ನು ಮುಳುಗಿಸುತ್ತದೆ. ಹೆಸರುಗಳ ಪಟ್ಟಿ ಓದಿಯೇ ಸಮಯ ಕಳೆಯುತ್ತಾರೆಂದು 2016ರಲ್ಲಿ ಆ ಹೆಸರುಗಳನ್ನು ಪರದೆಯ ಕೆಳಗೆ ಹರಿಯಬಿಟ್ಟು ನೋಡಿದರು. ಪ್ರಯೋಜನವಾಗಲಿಲ್ಲ, ಹೆಸರು ಬಾಯಲ್ಲೇ ಬರಬೇಕು ಎನ್ನುವುದು ಮನುಷ್ಯನ ಹಟ. 2023ರಲ್ಲಿ ಮುದುಮಲೆಯ ಬೊಮ್ಮನ್, ಬೆಳ್ಳಿ ದಂಪತಿಯ ಕುರಿತ ‘ದಿ ಎಲಿಫೆಂಟ್ ವಿಸ್ಪರರ್ಸ್’ ಗೆದ್ದಾಗ ನಿರ್ದೇಶಕಿಯ ಮಾತು ಮುಗಿದು ನಿರ್ಮಾಪಕಿ ಗುನೀತ್ ಮೋಂಗಾ ಬಾಯಿ ತೆರೆಯುವಷ್ಟರಲ್ಲಿ ಸಂಗೀತ ಶುರುವಾಗಿತ್ತು.

ಹ್ಯಾಟಿ ಮೆಕ್‌ಡ್ಯಾನಿಯಲ್ ಅವರ ಒಂದು ನಿಮಿಷವನ್ನು ಹೀಗೆ ಅಳೆಯುವುದು ಕಷ್ಟ. 1940ರ ಫೆಬ್ರವರಿ 29ರಂದು ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಅವರು. ಸಮಾರಂಭ ನಡೆದ ಅಂಬಾಸಡರ್ ಹೋಟೆಲಿಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಅವರು ನಟಿಸಿದ ಚಿತ್ರದ ನಿರ್ಮಾಪಕ ಕೇಳಿಕೊಂಡದ್ದರಿಂದ ಒಳಗೆ ಬಿಟ್ಟರು. ಸಹನಟರ ಜತೆಗಲ್ಲ, ಗೋಡೆಯ ಪಕ್ಕದ ಬೇರೊಂದು ಮೇಜಿಗೆ. ಅಲ್ಲಿಂದ ಎದ್ದು ಬಂದು, ನನ್ನ ಜನಾಂಗಕ್ಕೂ ಚಿತ್ರರಂಗಕ್ಕೂ ಕೀರ್ತಿ ತರುವಂತೆ ಬಾಳುತ್ತೇನೆ ಎಂದು ಹೇಳಿ ಕಣ್ಣೀರಿಟ್ಟು ಮರಳಿದರು.

ನಗಿಸಿದವರೂ ಇದ್ದಾರೆ. ನಿರ್ದೇಶನಕ್ಕೆ ಐದು ಸಲ ನಾಮನಿರ್ದೇಶನಗೊಂಡು ಒಮ್ಮೆಯೂ ಗೆಲ್ಲದ ಹಿಚ್‌ಕಾಕ್‌ಗೆ 1968ರಲ್ಲಿ ಸಮಾಧಾನಕ್ಕೆಂಬಂತೆ ಗೌರವ ಕೊಟ್ಟಾಗ ಅವರು ಧನ್ಯವಾದವೆಂದು ಹೇಳಿ ಹೊರಟೇಬಿಟ್ಟರು. 1992ರಲ್ಲಿ ಸತ್ಯಜಿತ್ ರಾಯ್ ತಮ್ಮ ಗೌರವ ಆಸ್ಕರ್ ಪಡೆದದ್ದು ಕಲ್ಕತ್ತೆಯ ಆಸ್ಪತ್ರೆ ಹಾಸಿಗೆಯಲ್ಲಿ. ಚಿತ್ರೀಕರಿಸಿ ಕಳಿಸಿದ ಮಾತು ಸಮಾರಂಭದ ಪರದೆಯ ಮೇಲೆ ಮೂಡಿತು. ದನಿ ಸೋತಿತ್ತು, ತುಂಟತನ ಸೋತಿರಲಿಲ್ಲ. ಶಾಲಾ ದಿನಗಳಲ್ಲಿ ನಟಿ ಡಿಯಾನಾ ಡರ್ಬಿನ್‌ಗೆ ಕಾಗದ ಬರೆದೆ, ಉತ್ತರ ಬಂತು. ಜಿಂಜರ್ ರಾಜರ್ಸ್‌ಗೆ ಬರೆದೆ, ಬರಲಿಲ್ಲ. ‘ಡಬಲ್ ಇಂಡೆಮ್ನಿಟಿ’ ನೋಡಿ ಬಿಲ್ಲಿ ವೈಲ್ಡರ್‌ಗೆ 12 ಪುಟ ಬರೆದೆ, ಅವರೂ ಉತ್ತರಿಸಲಿಲ್ಲ ಎಂದು ನೆನೆದು, ಸಿನಿಮಾದ ಕಸುಬನ್ನು ಕಲಿತದ್ದು ನಿಮ್ಮ ಚಿತ್ರಗಳಿಂದಲೇ ಎಂದರು. ಮೂರೂವರೆ ವಾರದೊಳಗೆ ರಾಯ್ ತೀರಿಕೊಂಡರು. ಉತ್ತರ ಕೊಡದವರ ಹೆಸರನ್ನೂ ಕೃತಜ್ಞತೆಯ ಪಟ್ಟಿಗೆ ಸೇರಿಸಿದ ಇನ್ನೊಂದು ಭಾಷಣ ಇದ್ದಂತಿಲ್ಲ.

ಕನ್ನಡದಲ್ಲಿ ಈ ಪದ್ಧತಿ ಸ್ಟಾಕ್‌ಹೋಮಿಗಿಂತ ಹಳೆಯದು. ಹತ್ತನೆಯ ಶತಮಾನದಲ್ಲಿ ವೇದಿಕೆಯಾಗಲಿ ಮೈಕಾಗಲಿ ಇಲ್ಲದ್ದರಿಂದ ಕವಿ ತನ್ನ ಸ್ವೀಕಾರದ ಮಾತನ್ನು ಕಾವ್ಯದೊಳಗೇ ಹೇಳುತ್ತಿದ್ದ. ರಾಜ ಅರಿಕೇಸರಿ ತನ್ನನ್ನು ಕರೆಸಿ ಧರ್ಮವುರವೆಂಬ ಅಗ್ರಹಾರ ಕೊಟ್ಟದ್ದನ್ನು ಪಂಪ ‘ವಿಕ್ರಮಾರ್ಜುನ ವಿಜಯ’ದ ಕೊನೆಯಲ್ಲಿ ಬರೆದುಕೊಂಡಿದ್ದಾನೆ. ಅವನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರ್ಕ್ಯಾಲದ ಬಳಿ ಬಂಡೆಯ ಮೇಲೆ ಸಂಸ್ಕೃತ, ತೆಲುಗು, ಕನ್ನಡ ಮೂರರಲ್ಲೂ ಬರೆಸಿದ ಶಾಸನ ಅದಕ್ಕೆ ಸಾಕ್ಷಿ. ರಾಜನನ್ನು ಅರ್ಜುನನಿಗೆ ಸಮ ಮಾಡಿದ ಪಂಪನ ಹೊಗಳಿಕೆಯಲ್ಲಿ ಮನಸ್ಸೆಷ್ಟು, ಮರ್ಯಾದೆಯೆಷ್ಟು ಎಂದು ವಿಮರ್ಶಕರು ಇನ್ನೂ ಎಳೆದಾಡುತ್ತಾರೆ. ಮುಧೋಳದ ಬಳೆಗಾರರ ಮನೆಯ ರನ್ನನ ವಿಷಯದಲ್ಲಿ ಆ ಅನುಮಾನ ಕಡಿಮೆ. 993ರ ‘ಅಜಿತ ಪುರಾಣ’ದಲ್ಲಿ ಅವನು ಅತ್ತಿಮಬ್ಬೆಯನ್ನು ನೆನೆಯುವ ಬಗೆಯಲ್ಲಿ ರಾಜಾಸ್ಥಾನದ ಗತ್ತಿಲ್ಲ, ಆಸರೆ ಕೊಟ್ಟವಳ ಮೇಲಿನ ಭಕ್ತಿಯಿದೆ. ಪೊನ್ನನ ಕಾವ್ಯದ ಸಾವಿರ ಪ್ರತಿ ಮಾಡಿಸಿ ಹಂಚಿದ ಹೆಂಗಸು ಆಕೆ.

ಇಪ್ಪತ್ತನೆಯ ಶತಮಾನಕ್ಕೆ ಬರುವಾಗ ನಮ್ಮ ಸನ್ಮಾನಕ್ಕೆ ಒಂದು ಸಿದ್ಧ ವಿಧಿ ಏರ್ಪಟ್ಟಿತ್ತು. ಕುರ್ಚಿಯಲ್ಲಿ ಕೂರಿಸಿ ಮೈಸೂರು ಪೇಟ, ಶಾಲು, ಗಂಧದ ಹಾರ, ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ. ಕೊನೆಗೆ ಚೌಕಟ್ಟು ಹಾಕಿಸಿದ ಬಿನ್ನವತ್ತಳೆ. ಅದನ್ನು ಗಟ್ಟಿಯಾಗಿ ಓದುವಷ್ಟು ಹೊತ್ತೂ ಸನ್ಮಾನಿತರು ಪೇಟ ಜಾರದಂತೆ ನೋಡಿಕೊಳ್ಳಬೇಕು. ಉತ್ತರದ ಮಾತಿಗೂ ಅಚ್ಚು ಬಿದ್ದಿತು. ಇದಕ್ಕೆ ನಾನು ಅರ್ಹನೋ ಅಲ್ಲವೋ ತಿಳಿಯದು, ಇದು ನನಗಲ್ಲ ಕನ್ನಡಕ್ಕೆ ಸಂದ ಗೌರವ, ನನ್ನ ಜವಾಬ್ದಾರಿ ಹೆಚ್ಚಿದೆ. ಈ ಮೂರನ್ನೂ ಬಿಟ್ಟರೆ ಎಷ್ಟೋ ಭಾಷಣಗಳಲ್ಲಿ ಉಳಿಯುವುದು ಸಮಯದ ಅಭಾವ ಮಾತ್ರ. ಸಮಯದ್ದು ನಿಜವಾದ ತೊಂದರೆಯೇ: 2024ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದ 69 ಮಂದಿಯೂ ಐದೈದು ನಿಮಿಷ ಮಾತಾಡಿದ್ದರೆ ಐದೂಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಕೇಂದ್ರ ಸಾಹಿತ್ಯ ಅಕಾಡೆಮಿ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಪ್ರಶಸ್ತಿ ಕೊಡುವುದು ಒಂದು ದಿನ, ಪಡೆದವರು ಮಾತಾಡುವುದು ಮರುದಿನದ ಲೇಖಕರ ಕೂಟದಲ್ಲಿ.

ಡಿ.ವಿ.ಜಿ. 1970ರಲ್ಲಿ ಬೆಂಗಳೂರಿನ ಕಲಾಕ್ಷೇತ್ರದಲ್ಲಿ ತಮಗೆ ಸಂದ ನಿಧಿಯನ್ನು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಅದಕ್ಕಿಂತ ಒಳ್ಳೆಯ ಉತ್ತರ ಭಾಷಣ ಯಾವುದಿದ್ದೀತು?

ರಾಷ್ಟ್ರಪತಿ ಭವನದ ಪದ್ಮ ಸಮಾರಂಭದಲ್ಲಿ ಮಾತಿಗೆ ಅವಕಾಶವೇ ಇಲ್ಲ. ಹೆಸರು ಕೂಗುತ್ತಾರೆ, ನಡೆದು ಹೋಗಿ ನಮಸ್ಕರಿಸಿ ಪಡೆದು ಬರಬೇಕು. 2021ರ ನವೆಂಬರ್‌ನಲ್ಲಿ, ಮಂಗಳೂರಿನಲ್ಲಿ ಕಿತ್ತಳೆ ಮಾರಿ ಹರೇಕಳದಲ್ಲಿ ಶಾಲೆ ಕಟ್ಟಿಸಿದ ಹಾಜಬ್ಬನವರೂ, ಅಂಕೋಲದ ಹಾಲಕ್ಕಿ ಒಕ್ಕಲಿನ ತುಳಸಿ ಗೌಡರೂ ಆ ಕೆಂಪು ಹಾಸಿನ ಮೇಲೆ ಬರಿಗಾಲಲ್ಲೇ ನಡೆದರು. ಮರುದಿನ ಪತ್ರಿಕೆಗಳ ತುಂಬ ಅದೇ ಚಿತ್ರ.

ಕೊಟ್ಟವರನ್ನೇ ಪ್ರಶ್ನಿಸುವ ಭಾಷಣ ಲಂಡನ್ನಿನ ಬುಕರ್ ವೇದಿಕೆಯಲ್ಲೂ ಆಗಿದೆ. 1972ರಲ್ಲಿ ಜಾನ್ ಬರ್ಜರ್, ಪ್ರಾಯೋಜಕ ಕಂಪನಿ ಕೆರಿಬಿಯನ್ ಪ್ರದೇಶದಲ್ಲಿ ದುಡಿಸಿ ಗಳಿಸಿದ ದುಡ್ಡು ಇದು ಎಂದು ಅಲ್ಲೇ ಹೇಳಿ, 5,000 ಪೌಂಡಿನ ಅರ್ಧವನ್ನು ಲಂಡನ್ನಿನ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಗೆ ಘೋಷಿಸಿದರು. ಉಳಿದರ್ಧ ವಲಸೆ ಕಾರ್ಮಿಕರ ಕುರಿತ ಪುಸ್ತಕದ ಕೆಲಸಕ್ಕೆ.

ಅಂತರರಾಷ್ಟ್ರೀಯ ಬುಕರಿನಲ್ಲಿ ಹಣ ಅರ್ಧರ್ಧ ಆಗುವುದು ನಿಯಮದಿಂದಲೇ. 2016ರಿಂದ ಈ ಪ್ರಶಸ್ತಿ ಒಂದೊಂದು ಪುಸ್ತಕಕ್ಕೆ ಸಲ್ಲುತ್ತಿದೆ, 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮಪಾಲು. ಹೀಗಾಗಿ 2025ರ ಮೇ 20ರ ರಾತ್ರಿ ಟೇಟ್ ಮಾಡರ್ನ್‌ನಲ್ಲಿ ‘ಹಾರ್ಟ್ ಲ್ಯಾಂಪ್’ ಗೆದ್ದಾಗ ಇಬ್ಬರು ವೇದಿಕೆ ಹತ್ತಿದರು. 77ರ ಲೇಖಕಿ ಬಾನು ಮುಷ್ತಾಕ್, ಯಾವ ಕಥೆಯೂ ಚಿಕ್ಕದಲ್ಲವೆಂಬ ನಂಬಿಕೆಯಿಂದ ಹುಟ್ಟಿದ ಪುಸ್ತಕವಿದು ಎಂದರು. ಅನುವಾದಕಿ, ಮಡಿಕೇರಿಯ ದೀಪಾ ಭಾಸ್ತಿ, ಕನ್ನಡವನ್ನು ಜೇನಿಗೂ ಹಾಲಿಗೂ ಹೋಲಿಸುವ ಎಂಬತ್ತರ ದಶಕದ ಹಾಡನ್ನು ನೆನೆದರು. ನಮ್ಮಲ್ಲಿ ರಾಜ್‌ಕುಮಾರ್ ದನಿಯಲ್ಲಿ ಎಲ್ಲರ ಕಿವಿಯಲ್ಲೂ ಇರುವ ಹಾಡು. ಹಳೆಯ ಲೆಕ್ಕದ ಪ್ರಶಸ್ತಿಯಾಗಿದ್ದರೆ ಭಾಸ್ತಿಯವರ ಹೆಸರು ಬಾನು ಅವರ ಧನ್ಯವಾದದ ಪಟ್ಟಿಯಲ್ಲಿ ಬಂದು ಹೋಗುತ್ತಿತ್ತು. ಈ ಸಲ ಅವರಿಗೂ ಮೈಕು ಸಿಕ್ಕಿತು, ಅವರದೂ ಒಂದು ಪಟ್ಟಿ ಇತ್ತು.